ಎರಡು ದಿನದ ಕರಾಟೆ ಶಿಬಿರ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲಾ ಕಾಲೇಜುಗಳ ರಜೆ ಹತ್ತಿರವಾದಂತೆ ಶನಿವಾರ, ಭಾನುವಾರದ ಕರಾಟೆ ತರಬೇತಿ ಶಿಬಿರಗಳ ಕರಪತ್ರಗಳು ಮನೆಮನೆಗೆ ಬರತೊಡಗುತ್ತವೆ. ಅವುಗಳ ಹಿಂದೆಯೇ ಈ ಅಂಕಣಕ್ಕೆ ಪತ್ರಗಳೂ ಬರುತ್ತವೆ. ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನಗೆ ನಲವತ್ತಮೂರು ವರ್ಷ, ಬ್ಯಾಂಕ್ ಉದ್ಯೋಗಿ. ಮಗಳನ್ನು ಕರಾಟೆ ತರಗತಿಗೆ ಬಿಡಲು ಹೋಗುತ್ತಿದ್ದವಳು ನಾನೂ ಸೇರಿಕೊಂಡು ಈಗ ಹಸಿರು ಬೆಲ್ಟ್‌ವರೆಗೆ ಬಂದಿದ್ದೇನೆ. ಮುಂದಿನ ತಿಂಗಳು ಎರಡು ದಿನದ ಶಿಬಿರವಿದ್ದು, ದಿನಕ್ಕೆ ಐದು ಗಂಟೆ ಅಭ್ಯಾಸ ಇರುತ್ತದೆಯಂತೆ. ವಾರಕ್ಕೆ ಮೂರು ಗಂಟೆಯಷ್ಟೇ ಅಭ್ಯಾಸ ಮಾಡುವ, ಬಲ ಮಂಡಿ ಆಗಾಗ ನೋಯುವ ನನ್ನಂಥವಳು ಹೋಗಬಹುದೇ? ಹೋದರೆ ಸಿಗುವುದೇನು?
— ದಾವಣಗೆರೆಯ ಓದುಗರು

ಉತ್ತರ: ಹೋಗಬಹುದು, ಆದರೆ ಹತ್ತೊಂಬತ್ತರ ಹರೆಯದ ಹುಡುಗರ ಸಮಕ್ಕೆ ಎಲ್ಲವನ್ನೂ ಮಾಡಿಯೇ ತೀರುತ್ತೇನೆಂಬ ಹಟ ಬೇಡ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಸಿಗುವುದೇನೆಂದು ಗೊತ್ತಿದ್ದರೆ ಎಷ್ಟು ದುಡಿಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಜಪಾನಿನ ವಿಶ್ವವಿದ್ಯಾಲಯಗಳ ಕರಾಟೆ ಕ್ಲಬ್ಬುಗಳಲ್ಲಿ ಗಶ್ಶುಕು ಎಂಬ ಪದ್ಧತಿ ಇದೆ. ಎಲ್ಲರೂ ಒಂದೇ ಸೂರಿನಡಿ ಉಂಡು, ಮಲಗಿ, ಬೆಳಗ್ಗೆ ಸಂಜೆ ಅಭ್ಯಾಸ ಮಾಡುವುದು. ನಮ್ಮಲ್ಲಿ ಕಲ್ಯಾಣ ಮಂಟಪದಲ್ಲೋ ಶಾಲೆಯ ಸಭಾಂಗಣದಲ್ಲೋ ನಡೆಯುವ ವಾರಾಂತ್ಯದ ಶಿಬಿರ ಅದರ ಕಿರಿಯ ರೂಪ. ಇಷ್ಟು ಅಲ್ಪ ಅವಧಿಯಲ್ಲಿ ಹೊಸ ವಿದ್ಯೆ ಯಾವುದೂ ಮೈಗೂಡುವುದಿಲ್ಲ. ಈಗಾಗಲೇ ಮೈಗೂಡಿರುವ ಒಂದೆರಡು ತಪ್ಪುಗಳು, ನಿಮ್ಮನ್ನು ದಿನವೂ ನೋಡಿ ಅಭ್ಯಾಸವಾಗಿ ಹೋದ ಗುರುಗಳ ಕಣ್ಣಿಗೆ ಬೀಳದಂಥವು, ಬೇರೊಬ್ಬ ಹಿರಿಯ ಶಿಕ್ಷಕರ ಕಣ್ಣಿಗೆ ಬೀಳುತ್ತವೆ. ಶಿಬಿರದ ನಿಜವಾದ ಲಾಭ ಇದು. ಉಳಿದದ್ದೆಲ್ಲ, ಗೆಳೆತನ, ಉತ್ಸಾಹ, ಗುಂಪು ಫೋಟೊ ಎಲ್ಲವೂ, ಅದರ ಮೇಲಿನ ಲಾಭ.

ಆದರೆ ಆ ಕಣ್ಣು ನಿಮ್ಮ ಮೇಲೆ ಬೀಳುವ ಹೊತ್ತು ಬಹಳ ಕಡಿಮೆ. ಎಂಬತ್ತು ಜನರ ಶಿಬಿರದಲ್ಲಿ ಎರಡು ಗಂಟೆಯ ಒಂದು ಅವಧಿಯನ್ನು ಸಮನಾಗಿ ಹಂಚಿದರೂ ತಲೆಗೆ ಬರುವುದು ಒಂದೂವರೆ ನಿಮಿಷ. ಆದ್ದರಿಂದ ಬರಿಗೈಯಲ್ಲಿ ಹೋಗದೆ ಒಂದು ಪ್ರಶ್ನೆಯನ್ನು ಸಿದ್ಧಪಡಿಸಿಕೊಂಡು ಹೋಗಿ. ಉದಾಹರಣೆಗೆ ಗ್ಯಾಕು-ಜುಕಿ, ಅಂದರೆ ಹಿಂದಿನ ಕಾಲಿನ ಕಡೆಯ ಕೈಯಿಂದ ಹೊಡೆಯುವ ಗುದ್ದು. ಹಸಿರು ಬೆಲ್ಟ್ ಹಂತದಲ್ಲಿ ಬಹುತೇಕರು ಹೆಗಲಿನಿಂದ ಹೊಡೆಯುತ್ತಾರೆ, ಸೊಂಟ ತಡವಾಗಿ ತಿರುಗುತ್ತದೆ, ಹಿಂದಿನ ಪಾದದ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಕಾರಣ ಹೆಚ್ಚಾಗಿ ಕೈಯಲ್ಲಿರುವುದಿಲ್ಲ. ಹಿಂದಿನ ಪಾದ ಪೂರ್ತಿ ಪಕ್ಕಕ್ಕೆ ತಿರುಗಿರುತ್ತದೆ, ಹಾಗಿರುವಾಗ ಸೊಂಟ ಮುಂದಕ್ಕೆ ಬರಲು ದಾರಿಯೇ ಇರುವುದಿಲ್ಲ. ಬೆರಳುಗಳನ್ನು ಸಾಧ್ಯವಾದಷ್ಟು ಮುಂದಕ್ಕೆ ತಿರುಗಿಸಿ ನಿಂತರೆ ಅದೇ ಗುದ್ದಿಗೆ ಬೇರೆಯೇ ತೂಕ ಬರುತ್ತದೆ. ಇನ್ನೊಂದು ತಪ್ಪನ್ನು ಜೊತೆಗಾರರ ನೆರವಿನಿಂದ ನೀವೇ ಪರೀಕ್ಷಿಸಬಹುದು: ಅವರು ನಿಮ್ಮ ಮುಂದಿನ ಮಂಡಿಯ ಪಕ್ಕದಲ್ಲಿ ತಾಗಿಯೂ ತಾಗದಂತೆ ಒಂದು ಬೆರಳು ಹಿಡಿದಿರಲಿ. ಸೊಂಟ ತಿರುಗಿದಾಗ ಮಂಡಿ ಅಲುಗಾಡಿ ಬೆರಳಿಗೆ ಬಡಿದರೆ ಬಲ ಅಲ್ಲಿ ಸೋರಿಹೋಗುತ್ತಿದೆಯೆಂದು ಅರ್ಥ. ಇಂಥ ಒಂದು ತಿದ್ದುಪಡಿ ಮನೆಗೆ ಬಂದರೂ ಶಿಬಿರದ ಶುಲ್ಕ ದಂಡವಾಗಲಿಲ್ಲ.

ಈಗ ಮಂಡಿಯ ವಿಷಯ. ನೋವಿಗೆ ಕಾರಣ ಏನೆಂದು ಮೂಳೆ ತಜ್ಞರಿಂದ ಒಮ್ಮೆ ತಿಳಿದುಕೊಂಡೇ ಹೋಗಿ. ಶಿಬಿರದಲ್ಲಿ ಮಂಡಿಗೆ ಪೆಟ್ಟಾಗುವುದು ಒದೆತಗಳಿಂದಲ್ಲ, ನಿಲುವುಗಳಿಂದ ಮತ್ತು ತಿರುಗುವಿಕೆಯಿಂದ. ಝೆನ್‌ಕುತ್ಸು-ದಾಚಿಯಲ್ಲಿ, ಅಂದರೆ ಮುಂದಿನ ಕಾಲನ್ನು ಬಾಗಿಸಿ ಹಿಂದಿನ ಕಾಲನ್ನು ನೇರವಾಗಿ ಚಾಚಿದ ನಿಲುವಿನಲ್ಲಿ, ಮುಂದಿನ ಮಂಡಿ ಪಾದದ ಬೆರಳುಗಳು ನೋಡುವ ದಿಕ್ಕನ್ನೇ ನೋಡಬೇಕು. ಕುದುರೆ ಸವಾರನಂತೆ ಕಾಲು ಅಗಲಿಸಿ ನಿಲ್ಲುವ ಕಿಬಾ-ದಾಚಿಯಲ್ಲಿ ದಣಿವಾದಂತೆ ಎರಡೂ ಮಂಡಿಗಳು ಒಳಕ್ಕೆ ಕುಸಿಯುತ್ತವೆ, ಆಗ ಛಲ ಹಿಡಿದು ತಗ್ಗಾಗಿ ನಿಲ್ಲುವುದಕ್ಕಿಂತ ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ನೆಟ್ಟಗೆ ನಿಲ್ಲುವುದು ಜಾಣತನ. ಕಲ್ಯಾಣ ಮಂಟಪದ ನುಣುಪಾದ ಕಲ್ಲಿನ ನೆಲದ ಮೇಲೆ ಬೆವರು ಬಿದ್ದಾಗ ಕಾಲು ಜಾರುತ್ತದೆ, ಒಣಗಿದ ರಬ್ಬರ್ ಚಾಪೆಯ ಮೇಲೆ ಪಾದ ಕಚ್ಚಿಕೊಂಡು ಮಂಡಿ ಮಾತ್ರ ತಿರುಗುತ್ತದೆ; ಎರಡೂ ಅಪಾಯವೇ. ಮೊದಲ ಅವಧಿಗೆ ಮುಂಚೆಯೇ ಶಿಬಿರದ ಮುಖ್ಯ ಶಿಕ್ಷಕರಿಗೆ ಮಂಡಿಯ ತೊಂದರೆ ತಿಳಿಸಿ, ಕಪ್ಪೆ ಜಿಗಿತ ಮತ್ತು ಕುಕ್ಕರಗಾಲಿನ ನಡಿಗೆಯಿಂದ ವಿನಾಯಿತಿ ಕೇಳಿ. ಹಾಗೆ ಕೇಳುವುದು ಅವಮಾನವಲ್ಲ, ಕೊಡದಿರುವುದು ಶಿಕ್ಷಕರ ಅವಿವೇಕ. ಶಿಬಿರಕ್ಕೆ ಮೂರು ನಾಲ್ಕು ವಾರ ಇರುವಾಗಲೇ ವಾರದ ಅಭ್ಯಾಸಕ್ಕೆ ಇನ್ನೊಂದು ಗಂಟೆ ಸೇರಿಸಿಕೊಂಡರೆ, ಭಾನುವಾರ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಶಿಟೋ-ರ್ಯೂ ಶೈಲಿಯನ್ನು ಕಲಿಯುತ್ತಿದ್ದೇನೆ. ಗೆಳೆಯರು ಉಡುಪಿಯಲ್ಲಿ ನಡೆಯುವ ಶೋಟೋಕಾನ್ ಶಿಬಿರಕ್ಕೆ ಕರೆಯುತ್ತಿದ್ದಾರೆ. ಎರಡು ಶೈಲಿಗಳನ್ನು ಬೆರೆಸಿದರೆ ಕಲಿತದ್ದೂ ಕೆಡುತ್ತದೆ ಎಂದು ನಮ್ಮ ಕ್ಲಾಸಿನ ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ನಿಮ್ಮ ಅಭಿಪ್ರಾಯವೇನು?
— ಮಂಗಳೂರಿನ ಓದುಗರು

ಉತ್ತರ: ನಿಮ್ಮ ಗುರುಗಳ ಒಪ್ಪಿಗೆ ಪಡೆದು ಹೋಗಿ ಬನ್ನಿ. ಎರಡು ದಿನದಲ್ಲಿ ಕೆಡುವಷ್ಟು ಸಡಿಲವಾಗಿದ್ದರೆ ಆ ಕಲಿಕೆ ಹೇಗೂ ಹೆಚ್ಚು ಕಾಲ ಉಳಿಯುವುದಿಲ್ಲ. ಈ ಎರಡು ಶೈಲಿಗಳು ನೀವು ಅಂದುಕೊಂಡಷ್ಟು ದೂರದವೂ ಅಲ್ಲ. ಒಕಿನಾವಾ ದ್ವೀಪದ ಶುರಿ ಊರಿನ ಆಂಕೋ ಇಟೋಸು ಅವರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದರು. ಅದುವರೆಗೆ ಮನೆಯಂಗಳದಲ್ಲಿ ಒಬ್ಬಿಬ್ಬರಿಗೆ ಹೇಳಿಕೊಡುತ್ತಿದ್ದ ವಿದ್ಯೆಯನ್ನು ತರಗತಿಯ ಮಕ್ಕಳಿಗೆ ಕಲಿಸಲು ಪಿನಾನ್ ಎಂಬ ಐದು ಕಟಾಗಳನ್ನು, ಅಂದರೆ ನಿಗದಿತ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿಗಳನ್ನು, ರೂಪಿಸಿದರು. ಶೋಟೋಕಾನ್ ಪರಂಪರೆಯ ಗಿಚಿನ್ ಫುನಾಕೋಶಿ ಮತ್ತು ಶಿಟೋ-ರ್ಯೂ ಸ್ಥಾಪಿಸಿದ ಕೆನ್ವಾ ಮಬುನಿ, ಇಬ್ಬರೂ ಅವರ ಶಿಷ್ಯರೇ. ಮಬುನಿಯವರು ನಾಹಾ ಊರಿನ ಕಾನ್ರ್ಯೋ ಹಿಗಾವೊನ್ನಾ ಅವರಿಂದಲೂ ಕಲಿತದ್ದರಿಂದ ನಿಮ್ಮ ಶೈಲಿಯಲ್ಲಿ ಎರಡೂ ಊರುಗಳ ಕಟಾಗಳಿದ್ದು, ಪಟ್ಟಿ ಬಹಳ ಉದ್ದವಾಗಿದೆ.

ಫುನಾಕೋಶಿಯವರು 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆಯನ್ನು ಪ್ರದರ್ಶಿಸಿ ಅಲ್ಲಿಯೇ ನೆಲೆಸಿದರು. ಮುಂದೆ ಅವರು ಪಿನಾನ್ ಕಟಾಗಳನ್ನು ಹೇಯಾನ್ ಎಂದು ಕರೆದರು, ಜೊತೆಗೆ ಮೊದಲ ಎರಡರ ಸ್ಥಾನವನ್ನು ಅದಲುಬದಲು ಮಾಡಿದರು. ಆದ್ದರಿಂದ ಉಡುಪಿಯಲ್ಲಿ ಶಿಕ್ಷಕರು ಹೇಯಾನ್ ಶೋದಾನ್ ಎಂದಾಗ ನೀವು ಪಿನಾನ್ ಶೋದಾನ್ ಆರಂಭಿಸಿದರೆ ಸಾಲಿನಲ್ಲಿ ನೀವೊಬ್ಬರೇ ಬೇರೆ ದಿಕ್ಕಿಗೆ ಹೋಗುತ್ತೀರಿ. ಅವರು ಕೇಳುತ್ತಿರುವುದು ನಿಮ್ಮ ಪಿನಾನ್ ನಿದಾನ್‌ಗೆ ಸಮನಾದ ಕಟಾ. ಶೋಟೋಕಾನ್‌ನಲ್ಲಿ ಅದಕ್ಕೆ ಇಪ್ಪತ್ತೊಂದು ಚಲನೆಗಳು. ಎಡಕ್ಕೆ ತಿರುಗಿ ಕೆಳಭಾಗದ ತಡೆಯಿಂದ ಆರಂಭವಾಗುತ್ತದೆ, ಒಂಬತ್ತನೆಯ ಮತ್ತು ಹದಿನೇಳನೆಯ ಚಲನೆಗಳಲ್ಲಿ ಕಿಯಾಯ್, ಅಂದರೆ ಹೊಟ್ಟೆಯಿಂದ ಬರುವ ಜೋರು ಕೂಗು, ಇರುತ್ತದೆ, ಹೊರಟ ಜಾಗಕ್ಕೇ ಮರಳಿ ಬಂದು ಮುಗಿಯುತ್ತದೆ. ನೀವು ಒಂದು ಅಡಿ ಹಿಂದೆ ಮುಗಿಸಿದರೆ ನಡುವೆ ಎಲ್ಲೋ ಹೆಜ್ಜೆ ಗಿಡ್ಡವಾಗಿದೆ ಎಂದರ್ಥ. ಶಿಬಿರದಲ್ಲಿ ನೆಲದ ಟೈಲ್ಸ್ ಗೆರೆಯ ಮೇಲೆ ನಿಂತು ಆರಂಭಿಸಿದರೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮಗೆ ನಿಜವಾಗಿ ಕಷ್ಟವಾಗುವುದು ನಿಲುವು. ಶೋಟೋಕಾನ್ ನಿಲುವುಗಳು ಉದ್ದ ಮತ್ತು ತಗ್ಗು. ಈ ಬದಲಾವಣೆಯಲ್ಲಿ ಫುನಾಕೋಶಿಯವರ ಮಗ ಯೋಶಿತಾಕಾ ಅವರ ಪಾತ್ರ ದೊಡ್ಡದೆಂದು ಹೇಳುತ್ತಾರೆ. ಶಿಟೋ-ರ್ಯೂನ ಎತ್ತರದ, ಚುರುಕಾದ ನಿಲುವಿಗೆ ಹೊಂದಿಕೊಂಡ ತೊಡೆಗಳು ಶನಿವಾರ ಮಧ್ಯಾಹ್ನದೊಳಗೆ ನಡುಗತೊಡಗುತ್ತವೆ. ಅದರಿಂದ ನಷ್ಟವಿಲ್ಲ. ತಗ್ಗಾದ ನಿಲುವಿನಲ್ಲಿ ಒಂದು ದಿನ ಕಳೆದವರಿಗೆ ತಮ್ಮ ಎತ್ತರದ ನಿಲುವು ಏಕೆ ಹಾಗಿದೆ, ಅದು ಯಾವ ವೇಗಕ್ಕಾಗಿ ಏನನ್ನು ಬಿಟ್ಟುಕೊಟ್ಟಿದೆ ಎಂಬುದು ಮೊದಲ ಬಾರಿಗೆ ತಿಳಿಯುತ್ತದೆ. ಶಿಬಿರದಲ್ಲಿ ಇರುವಷ್ಟು ಹೊತ್ತು ಅವರು ಹೇಳಿದಂತೆಯೇ ಮಾಡಿ. "ನಮ್ಮಲ್ಲಿ ಹೀಗಲ್ಲ" ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೋಗುವುದು ಎಲ್ಲರಿಗೂ ಕ್ಷೇಮ. ಸೋಮವಾರದಿಂದ ನಿಮ್ಮ ಶೈಲಿಗೆ ಮರಳಿ. ಸ್ಪರ್ಧೆಯಲ್ಲಿ ಭಾಗವಹಿಸುವವರಾದರೆ ಕಟಾದಲ್ಲಿ ಒಂದೇ ಶೈಲಿಯ ರೂಪವನ್ನು ಉಳಿಸಿಕೊಳ್ಳುವುದು ಅಗತ್ಯ. ನಿಮ್ಮ ಹಿರಿಯರ ಎಚ್ಚರಿಕೆಗೆ ಅರ್ಥವಿರುವುದು ಅಷ್ಟರಮಟ್ಟಿಗೆ ಮಾತ್ರ.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ, ಆರೆಂಜ್ ಬೆಲ್ಟ್. ವಸತಿ ಸಹಿತ ಶಿಬಿರವೊಂದಕ್ಕೆ ಕಳಿಸಲು ಹೇಳುತ್ತಿದ್ದಾರೆ. ಭಾನುವಾರ ಸಂಜೆ ಬೆಲ್ಟ್ ಟೆಸ್ಟ್ ಇದ್ದು, ಹೆಚ್ಚಿನ ಶುಲ್ಕ ಕೊಟ್ಟರೆ ಒಮ್ಮೆಗೇ ಎರಡು ಹಂತ ಏರಬಹುದಂತೆ. ಸಮಾರೋಪದಲ್ಲಿ ಮಕ್ಕಳಿಂದ ಹೆಂಚು ಒಡೆಸುತ್ತಾರಂತೆ. ಮುಂದೆ ಒಲಿಂಪಿಕ್ಸ್‌ಗೆ ದಾರಿಯಾಗುತ್ತದೆ ಎಂದೂ ಹೇಳಿದರು. ಕಳಿಸಲೇ?
— ಹಾಸನದ ತಂದೆಯೊಬ್ಬರು

ಉತ್ತರ: ನೀವು ವಿವರಿಸಿದ ರೂಪದಲ್ಲಿದ್ದರೆ ಕಳಿಸಬೇಡಿ. ಶಿಬಿರದ ಕೊನೆಯಲ್ಲಿ ಬೆಲ್ಟ್ ಟೆಸ್ಟ್ ಇಡುವುದರಲ್ಲಿಯೇ ತಪ್ಪಿಲ್ಲ. ಹೊರಗಿನ ಹಿರಿಯ ಪರೀಕ್ಷಕರು ಬಂದಿರುವಾಗ ಪರೀಕ್ಷೆ ನಡೆಸುವುದು ಅನೇಕ ಸಂಸ್ಥೆಗಳ ವಾಡಿಕೆ. ಆದರೆ ಪರೀಕ್ಷೆ ಎಂದ ಮೇಲೆ ಅನುತ್ತೀರ್ಣರಾಗುವ ಸಾಧ್ಯತೆ ಇರಬೇಕು. ಒಂದು ಬೆಲ್ಟ್‌ನಿಂದ ಇನ್ನೊಂದಕ್ಕೆ ಇಂತಿಷ್ಟು ತಿಂಗಳ ಅಭ್ಯಾಸವಾಗಿರಬೇಕೆಂಬ ನಿಯಮ ಇರಬೇಕು. ಶುಲ್ಕ ಹೆಚ್ಚಾದಂತೆ ಹಂತಗಳೂ ಹೆಚ್ಚಾಗುವ ಕಡೆ ಅಳೆಯುತ್ತಿರುವುದು ಮಗುವಿನ ಕಲಿಕೆಯನ್ನಲ್ಲ. ಹಿಂದಿನ ಶಿಬಿರದಲ್ಲಿ ಎಷ್ಟು ಮಕ್ಕಳು ಪರೀಕ್ಷೆಗೆ ಕುಳಿತರು, ಎಷ್ಟು ಮಂದಿಗೆ ಮತ್ತೆ ಬನ್ನಿ ಎಂದು ಹೇಳಲಾಯಿತು ಎಂದು ಕೇಳಿ ನೋಡಿ. ಎಲ್ಲರೂ ತೇರ್ಗಡೆ ಎಂಬ ಉತ್ತರ ಬಂದರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತು.

ಹೆಂಚು ಒಡೆಯುವುದು, ಅಂಗೈ ಮೇಲೆ ಬೈಕ್ ಹತ್ತಿಸಿಕೊಳ್ಳುವುದು, ಹೊಟ್ಟೆಯ ಮೇಲೆ ಕಲ್ಲು ಒಡೆಸಿಕೊಳ್ಳುವುದು ನಮ್ಮ ಊರುಗಳ ವಾರ್ಷಿಕೋತ್ಸವಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಸಂಗತಿಗಳು. ಶಂಕರ್ ನಾಗ್ ಅವರನ್ನು ಜನ ಕರಾಟೆ ಕಿಂಗ್ ಎಂದು ಕರೆಯುತ್ತಿದ್ದ ಕಾಲದಿಂದಲೂ ಕರಾಟೆ ಎಂದರೆ ಏನನ್ನಾದರೂ ಒಡೆಯುವುದು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಹನ್ನೊಂದು ವರ್ಷದ ಮಗುವಿನ ಕೈಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಬೀಳುವ ಪೆಟ್ಟು ಮೂಳೆಯ ಬೆಳವಣಿಗೆಯನ್ನೇ ಕೆಡಿಸಬಹುದು. ಆ ವಯಸ್ಸಿಗೆ ಮುಷ್ಟಿಯನ್ನು ಸರಿಯಾಗಿ ಕಟ್ಟಲು ಬಂದರೆ ಸಾಕು: ನಾಲ್ಕು ಬೆರಳುಗಳನ್ನು ತುದಿಯಿಂದ ಬಿಗಿಯಾಗಿ ಸುತ್ತಿ, ಹೆಬ್ಬೆರಳನ್ನು ಹೊರಗಿನಿಂದ ತೋರುಬೆರಳು ಮತ್ತು ನಡುಬೆರಳ ಮೇಲೆ ಒತ್ತಿ, ಮಣಿಕಟ್ಟು ಬಾಗದಂತೆ ಮೊದಲ ಎರಡು ಗೆಣ್ಣುಗಳು ತಾಗುವಂತೆ ಹಿಡಿಯುವುದು. ಹೆಬ್ಬೆರಳನ್ನು ಒಳಗೆ ಮುಚ್ಚಿಟ್ಟುಕೊಳ್ಳುವ ಮಕ್ಕಳು ಪ್ರತಿ ಶಿಬಿರದಲ್ಲೂ ಕಾಣಸಿಗುತ್ತಾರೆ, ಅವರಲ್ಲಿ ಕೆಲವರ ಸೊಂಟದಲ್ಲಿ ಮೇಲಿನ ಹಂತದ ನೀಲಿ ಬೆಲ್ಟ್ ಇರುತ್ತದೆ.

ಒಲಿಂಪಿಕ್ಸ್ ಮಾತು ಪೂರ್ತಿ ನಿಜವಲ್ಲ. 2020ರ ಟೋಕಿಯೋ ಕ್ರೀಡಾಕೂಟದಲ್ಲಿ, ಅದು ನಡೆದದ್ದು 2021ರಲ್ಲಿ, ಕರಾಟೆಯ ಎಂಟು ಸ್ಪರ್ಧೆಗಳಿದ್ದವು. ಪುರುಷರ ಕಟಾದಲ್ಲಿ ಒಕಿನಾವಾದವರೇ ಆದ ರ್ಯೋ ಕಿಯುನಾ ಚಿನ್ನ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಕರಾಟೆ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿಯೂ ಇಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1994ರಲ್ಲಿ ಸೇರ್ಪಡೆಯಾಯಿತು, ಆ ದಾರಿ ಇದೆ. ಆದರೆ ಆರೆಂಜ್ ಬೆಲ್ಟ್ ಮಗುವಿನ ತಂದೆಗೆ ಅದನ್ನು ತೋರಿಸಿ ಶುಲ್ಕ ಕೇಳುವುದು ವ್ಯಾಪಾರ.

ಮುಂದೆ ಬೇರೆ ಒಳ್ಳೆಯ ವಸತಿ ಶಿಬಿರ ಸಿಕ್ಕಾಗ ಕೇಳಬೇಕಾದದ್ದು ಬೇರೆ ವಿಷಯ. ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ, ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಕೋಣೆ ಮತ್ತು ಶೌಚಾಲಯ ಇದೆಯೇ, ಹುಡುಗಿಯರ ಜೊತೆ ಮಹಿಳಾ ಶಿಕ್ಷಕಿ ಉಳಿಯುತ್ತಾರೆಯೇ, ಒಬ್ಬನೇ ವಯಸ್ಕ ಒಂದೇ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದೆಂಬ ನಿಯಮ ಪಾಲನೆಯಾಗುತ್ತದೆಯೇ, ಮಗು ಬೇಕೆಂದಾಗ ಮನೆಗೆ ಫೋನ್ ಮಾಡಬಹುದೇ, ತಂದೆತಾಯಿ ಮುನ್ಸೂಚನೆಯಿಲ್ಲದೆ ಬಂದು ನೋಡಬಹುದೇ. ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವ ಸಂಘಟಕರ ಬಳಿ ಮಗುವನ್ನು ಬಿಡುವ ಅಗತ್ಯವಿಲ್ಲ. ಸೆನ್ಸೈ, ಅಂದರೆ ಗುರು, ಎಂಬ ಗೌರವದ ಮುಂದೆ ಮಕ್ಕಳು ಬಾಯಿ ಬಿಡಲು ಹೆದರುತ್ತಾರೆ; 2012ರ ಪೋಕ್ಸೊ ಕಾಯ್ದೆಯ ಮುಂದೆ ಮಾತ್ರ ಗುರು, ಹಿರಿಯ ಎಂಬ ಭೇದವಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದು ನಿಮ್ಮ ಮಗನಿಗೆ ಬಾಯಿಪಾಠವಾಗಿರಲಿ.

ಪ್ರಶ್ನೆ: ಹಿಂದಿನ ವರ್ಷ ಹೋಗಿದ್ದ ಒಂದು ಶಿಬಿರದಲ್ಲಿ ತಡವಾಗಿ ಬಂದವರಿಗೆಲ್ಲ ಐನೂರು ಬಸ್ಕಿ ಹೊಡೆಸಿದರು. ಮಾರನೆಯ ದಿನ ತೊಡೆ ಊದಿಕೊಂಡು, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿತ್ತು. ನೀರು ಕುಡಿದ ಮೇಲೆ ಸರಿಹೋಯಿತು. ಇದು ಸಹಜವೇ?
— ಧಾರವಾಡದ ವಿದ್ಯಾರ್ಥಿ

ಉತ್ತರ: ಸಹಜವಲ್ಲ. ಅಳತೆ ಮೀರಿದ ಶ್ರಮದಿಂದ ಸ್ನಾಯುಗಳ ಎಳೆಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಪಿಂಡಕ್ಕೆ ಹೋದಾಗ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ವೈದ್ಯರು ಇದನ್ನು ರ್‍ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ನಿರ್ಲಕ್ಷಿಸಿದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ನಿಮಗೆ ತಾನಾಗಿ ಸರಿಹೋದದ್ದು ಅದೃಷ್ಟ. ಇನ್ನೊಮ್ಮೆ ಹಾಗಾದರೆ ನೀರು ಕುಡಿದು ಕಾಯುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಎಷ್ಟು ಬಸ್ಕಿ ಹೊಡೆದಿರಿ ಎಂಬುದನ್ನು ಸಂಕೋಚವಿಲ್ಲದೆ ಹೇಳಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಸಾಮಾನ್ಯ ಮೈಕೈ ನೋವು ಬೇರೆ. ಅದು ಅಭ್ಯಾಸದ ಮರುದಿನ ಆರಂಭವಾಗಿ, ಎರಡು ಮೂರು ದಿನಗಳಲ್ಲಿ ತಾರಕಕ್ಕೇರಿ, ಆಮೇಲೆ ತಗ್ಗುತ್ತದೆ. ಎರಡೂ ಕಾಲುಗಳಲ್ಲಿ ಒಂದೇ ತೆರನಾಗಿರುತ್ತದೆ, ಸ್ವಲ್ಪ ನಡೆದಾಡಿದರೆ ಹಗುರಾಗುತ್ತದೆ. ಕೀಲಿನೊಳಗಿನ ಚುಚ್ಚುನೋವು, ಒಂದೇ ಕಡೆಯ ಊತ, ಮೂತ್ರದ ಬಣ್ಣ ಬದಲಾಗುವುದು, ಇವು ಆ ಲೆಕ್ಕಕ್ಕೆ ಸೇರುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆಸುತ್ತು, ವಾಂತಿ, ಮಂಕು ಕಂಡುಬಂದರೂ ಅಷ್ಟೇ: ಆ ದಿನ ಮತ್ತೆ ಕುಮಿಟೆಗೆ, ಅಂದರೆ ಎದುರಾಳಿಯೊಂದಿಗಿನ ಕಾದಾಟಕ್ಕೆ, ಇಳಿಯಲೇಬಾರದು, ಹೆಲ್ಮೆಟ್ ಹಾಕಿದ್ದೆ ಎಂಬುದು ಸಮಾಧಾನವಲ್ಲ. ಇನ್ನು ಶಿಕ್ಷೆಯ ಬಗ್ಗೆ ಒಂದು ಮಾತು. ತಡವಾಗಿ ಬಂದವರು ಅಂಗಳದ ಅಂಚಿನಲ್ಲಿ ಮಂಡಿಯೂರಿ ಕುಳಿತು, ಶಿಕ್ಷಕರು ಸನ್ನೆ ಮಾಡಿದ ಮೇಲೆ ಸಾಲಿನ ಕೊನೆಗೆ ಸೇರಿಕೊಳ್ಳುವುದು ಡೋಜೋಗಳಲ್ಲಿ, ಅಂದರೆ ಕರಾಟೆ ಅಭ್ಯಾಸದ ಶಾಲೆಗಳಲ್ಲಿ, ಹಳೆಯ ಕ್ರಮ. ಶಿಸ್ತಿಗೆ ಅಷ್ಟು ಸಾಕು. ಐನೂರು ಬಸ್ಕಿಯಿಂದ ಯಾವ ತಂತ್ರವೂ ಉತ್ತಮವಾಗುವುದಿಲ್ಲ, ಅದನ್ನು ಹೊಡೆಸಿದವರಿಗೆ ಇದು ಗೊತ್ತಿಲ್ಲದಿದ್ದರೆ ಅವರಿಗೆ ಶಿಬಿರ ನಡೆಸುವ ಅರ್ಹತೆ ಇಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ಯೋಜನೆಯಲ್ಲಿ ಮೂರು ತಿಂಗಳ ತರಬೇತಿ ಆಗಿತ್ತು. ಈಗ ವಾರಾಂತ್ಯದ ಶಿಬಿರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಎರಡು ದಿನದಲ್ಲಿ ಆತ್ಮರಕ್ಷಣೆ ಕಲಿಯಲು ಸಾಧ್ಯವೇ?
— ಕೊಪ್ಪಳದ ಶಿಕ್ಷಕಿ

ಉತ್ತರ: ಹೊಡೆದಾಡಲು ಕಲಿಯುವುದಿಲ್ಲ. ಹಾಗೆಂದು ಭರವಸೆ ಕೊಡುವ ಶಿಬಿರ ಮಕ್ಕಳನ್ನು ಅಪಾಯಕ್ಕೆ ನೂಕುತ್ತದೆ, ಏಕೆಂದರೆ ಕಲಿತಿದ್ದೇನೆಂಬ ಹುಸಿ ಧೈರ್ಯದಲ್ಲಿ ಓಡಬೇಕಾದ ಹುಡುಗಿ ನಿಂತುಬಿಡುತ್ತಾಳೆ. ಆದರೆ ಎರಡು ದಿನಗಳಲ್ಲಿ ದನಿಯನ್ನು ಕಲಿಸಬಹುದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೆತ್ತಗೆ ಮಾತನಾಡು ಎಂದು ವರ್ಷಗಟ್ಟಲೆ ಹೇಳಿರುತ್ತೇವೆ. ಮೊದಲ ಅವಧಿಯಲ್ಲಿ ಕಿಯಾಯ್ ಮಾಡಲು ಹೇಳಿದಾಗ ಅರ್ಧ ಸಾಲು ನಾಚಿಕೊಂಡು ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ. ಭಾನುವಾರ ಸಂಜೆಯ ಹೊತ್ತಿಗೆ ಅದೇ ಮಕ್ಕಳ ಕೂಗಿಗೆ ಹೊರಗಿನ ಕಾವಲುಗಾರ ಬಾಗಿಲಲ್ಲಿ ಇಣುಕಿದ್ದನ್ನು ನಾನು ಕಂಡಿದ್ದೇನೆ. ಹೊಟ್ಟೆಯಿಂದ ಬರುವ ಜೋರು ದನಿ, ತೋಳಳತೆಯ ಅಂತರ ಕಾಯ್ದುಕೊಳ್ಳುವುದು, ಹಿಡಿತದಿಂದ ಬಿಡಿಸಿಕೊಂಡು ಜನರಿರುವ ಕಡೆಗೆ ಓಡುವುದು, ಇಷ್ಟನ್ನು ಮಾತ್ರ ಕೇಳಿ ಪಡೆಯಿರಿ. ಮಣಿಕಟ್ಟು ಹಿಡಿದಾಗ ಹಿಂದಕ್ಕೆ ಎಳೆದಾಡಿದರೆ ಬಲಶಾಲಿಯೇ ಗೆಲ್ಲುತ್ತಾನೆ. ಹಿಡಿದವನ ಹೆಬ್ಬೆರಳಿಗೂ ಬೆರಳುಗಳಿಗೂ ನಡುವೆ ಇರುವ ಸಂದಿನ ಕಡೆಗೆ ನಮ್ಮ ಮಣಿಕಟ್ಟಿನ ಕಿರಿದಾದ ಅಂಚನ್ನು ತಿರುಗಿಸಿ, ಮೊಣಕೈಯನ್ನು ಅವನತ್ತ ಮುಂದೂಡುತ್ತ ಎಳೆದರೆ ಹಿಡಿತ ಸಡಿಲವಾಗುತ್ತದೆ. ಇದನ್ನು ಪರಸ್ಪರ ನಗುತ್ತ ಹಿಡಿದು ಬಿಡುವುದರಲ್ಲಿ ಮುಗಿಸದೆ, ಗಟ್ಟಿಯಾಗಿ ಹಿಡಿಯುವ ಬೇರೆ ಬೇರೆ ಜೊತೆಗಾರರೊಂದಿಗೆ ಮಾಡಿಸಬೇಕು. ತುರ್ತು ಕರೆಯ 112 ಮತ್ತು ಮಹಿಳಾ ಸಹಾಯವಾಣಿಯ 181 ಸಂಖ್ಯೆಗಳನ್ನೂ ಅದೇ ಅವಧಿಯಲ್ಲಿ ಬಾಯಿಪಾಠ ಮಾಡಿಸಿ. ತೊಂದರೆ ಕೊಡುವವರು ಹೆಚ್ಚಿನ ಸಂದರ್ಭಗಳಲ್ಲಿ ಪರಿಚಿತರೇ ಆಗಿರುತ್ತಾರೆ. ಅಂಥವರ ವಿಷಯವನ್ನು ನಿಮ್ಮ ಬಳಿ ಬಂದು ಹೇಳುವ ಧೈರ್ಯ ಹುಟ್ಟಿದರೆ ಅದು ಗುದ್ದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಶಿಬಿರದ ಆರಂಭದಲ್ಲಿ ಜಪಾನಿ ಗುರುಗಳ ಚಿತ್ರಕ್ಕೆ ತಲೆಬಾಗಬೇಕೆಂದು ಕೇಳಿದ್ದೇನೆ. ನಮ್ಮ ಮನೆಯ ಧಾರ್ಮಿಕ ನಂಬಿಕೆಗೆ ಅದು ಒಪ್ಪುವುದಿಲ್ಲ. ಏನು ಮಾಡಲಿ?
— ಕಲಬುರಗಿಯ ಓದುಗರು

ಉತ್ತರ: ಆ ವಂದನೆ ಪೂಜೆಯಲ್ಲ. ಜಪಾನಿನಲ್ಲಿ ಅಂಗಡಿಯವರು ಗಿರಾಕಿಗೂ, ಆಟಗಾರರು ಎದುರಾಳಿಗೂ ಹಾಗೆಯೇ ಬಾಗುತ್ತಾರೆ. ಕುಮಿಟೆಗೆ ಮುಂಚೆ ಎದುರಿನವರಿಗೆ ಬಾಗುವುದನ್ನು ಬಿಡುವಂತಿಲ್ಲ. ಅದು ನಾನು ನಿಯಮ ಮೀರುವುದಿಲ್ಲ ಎಂದು ಕೊಡುವ ಮಾತು. ಚಿತ್ರದ ಮುಂದೆ ಬಾಗಲು ಮನಸ್ಸು ಒಪ್ಪದಿದ್ದರೆ ಶಿಬಿರದ ಮುಖ್ಯಸ್ಥರಿಗೆ ಮುಂಚಿತವಾಗಿ ಹೇಳಿ, ಆ ಕ್ಷಣದಲ್ಲಿ ನೆಟ್ಟಗೆ, ಮೌನವಾಗಿ ಕುಳಿತಿರಲು ಅನುಮತಿ ಕೇಳಿ. ವಿವೇಕವುಳ್ಳ ಶಿಕ್ಷಕರು ಯಾರೂ ಇದಕ್ಕೆ ಬೇಸರಪಡುವುದಿಲ್ಲ.

ಪ್ರಶ್ನೆ: ಶಿಬಿರಕ್ಕೆ ಏನೇನು ಒಯ್ಯಬೇಕು?
— ತುಮಕೂರಿನ ಓದುಗರು

ಉತ್ತರ: ಕರಾಟೆ ಡ್ರೆಸ್ ಎರಡು ಜೊತೆ ಇರಲಿ, ಬೆವರಿನಲ್ಲಿ ನೆನೆದದ್ದು ರಾತ್ರಿಯೊಳಗೆ ಒಣಗುವುದಿಲ್ಲ, ಹೊಸದನ್ನು ಒಮ್ಮೆ ಒಗೆದು ಒಯ್ಯಿರಿ, ಇಲ್ಲವಾದರೆ ಗಂಜಿ ಹಾಕಿದ ಬಟ್ಟೆ ಕತ್ತು ಉಜ್ಜುತ್ತದೆ. ಪಾದದ ನೀರುಗುಳ್ಳೆಗೆ ಅಂಟುಪಟ್ಟಿ, ಚಿಕ್ಕದಾಗಿ ಕತ್ತರಿಸಿದ ಉಗುರು, ಕುಮಿಟೆ ಇದ್ದರೆ ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಹೊಂದಿಸಿಕೊಂಡ ಮೌತ್‌ಗಾರ್ಡ್, ಓಆರ್‌ಎಸ್ ಪೊಟ್ಟಣ, ದಿನವೂ ತೆಗೆದುಕೊಳ್ಳುವ ಔಷಧ. ಆಸ್ತಮಾ ಇರುವವರ ಇನ್‌ಹೇಲರ್ ಚೀಲದಲ್ಲಲ್ಲ, ಅಭ್ಯಾಸದ ಅಂಗಳದ ಅಂಚಿನಲ್ಲೇ ಇರಬೇಕು. ಊಟ ಅಭ್ಯಾಸಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿದಿರಲಿ. ಬೆಳಗಿನ ಅವಧಿಗೆ ಮುನ್ನ ಒಂದು ಬಾಳೆಹಣ್ಣು ಸಾಕು. ಪೂರಿ ಸಾಗು ಅವಧಿ ಮುಗಿದ ಮೇಲೆ.

ಪ್ರಶ್ನೆ: ಪ್ರತಿ ಶಿಬಿರದಲ್ಲೂ ಬಹಳ ಕಲಿತಂತೆ ಅನ್ನಿಸುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಎಲ್ಲ ಮರೆತುಹೋಗುತ್ತದೆ. ಜೊತೆಗೆ ಅಲ್ಲಿ ಹೇಳಿದ್ದು ಒಂದು, ನಮ್ಮ ಸೆನ್ಸೈ ಹೇಳುವುದು ಇನ್ನೊಂದು. ಯಾವುದನ್ನು ಪಾಲಿಸಬೇಕು?
— ಮೈಸೂರಿನ ಓದುಗರು

ಉತ್ತರ: ಪ್ರತಿ ಅವಧಿ ಮುಗಿದ ಕೂಡಲೇ, ಸ್ನಾನಕ್ಕೂ ಊಟಕ್ಕೂ ಮುಂಚೆ, ನಿಮಗೆ ಖುದ್ದಾಗಿ ಹೇಳಿದ ತಿದ್ದುಪಡಿಗಳನ್ನು ಬರೆದುಕೊಳ್ಳಿ, ಇಡೀ ಗುಂಪಿಗೆ ಹೇಳಿದ್ದನ್ನು ಬರೆಯಬೇಕಾಗಿಲ್ಲ, ಅದು ಯಾರ ಬಳಿಯಾದರೂ ಸಿಗುತ್ತದೆ. ಊರಿಗೆ ಬಂದ ಮೇಲೆ ಆ ಪಟ್ಟಿಯಿಂದ ಒಂದನ್ನು ಆರಿಸಿಕೊಂಡು, ಒಂದು ತಿಂಗಳ ಕಾಲ ದಿನಕ್ಕೆ ಹತ್ತು ನಿಮಿಷ ಅದನ್ನೊಂದೇ ಮಾಡಿ. ಎಲ್ಲವನ್ನೂ ಉಳಿಸಿಕೊಳ್ಳಲು ಹೊರಟವರಿಗೇ ಎಲ್ಲವೂ ಮರೆತುಹೋಗುವುದು. ಮೊದಲ ಎರಡು ದಿನ ಮೈ ನೋಯುತ್ತಿದ್ದರೆ ನಡಿಗೆ ಮತ್ತು ನಿಧಾನವಾದ ಕಟಾ ಸಾಕು, ಅಭ್ಯಾಸವನ್ನು ಪೂರ್ತಿ ನಿಲ್ಲಿಸುವುದು ಬೇಡ.

ಎರಡನೆಯ ಪ್ರಶ್ನೆಗೆ ಉತ್ತರ ಸರಳ: ನಿಮ್ಮ ಸೆನ್ಸೈ ಹೇಳಿದ್ದನ್ನು ಪಾಲಿಸಿ. ಹೊರಗಿನವರು ನಿಮ್ಮನ್ನು ಒಂದೂವರೆ ನಿಮಿಷ ನೋಡಿದ್ದಾರೆ, ಇವರು ವರ್ಷಗಳಿಂದ ನೋಡುತ್ತಿದ್ದಾರೆ; ನಿಮ್ಮ ಹಳೆಯ ಗಾಯ, ಅವಸರದ ಸ್ವಭಾವ, ಎಡಗಡೆಯ ಬಲಹೀನತೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇವರು ಹೇಳಿರಬಹುದು. ಆದರೆ ಶಿಬಿರದಲ್ಲಿ ಕೇಳಿದ್ದನ್ನು ಮುಚ್ಚಿಡಬೇಡಿ. ತರಗತಿ ಮುಗಿದು ಉಳಿದವರು ಹೊರಟ ಮೇಲೆ, "ಸೆನ್ಸೈ, ಅಲ್ಲಿ ಹಿಂದಿನ ಪಾದವನ್ನು ಹೀಗೆ ಇಡಲು ಹೇಳಿದರು, ನೀವು ಹೀಗೆ ಹೇಳಿಕೊಟ್ಟಿದ್ದೀರಿ, ಎರಡರಲ್ಲಿ ವ್ಯತ್ಯಾಸ ಏನೆಂದು ತಿಳಿಸುತ್ತೀರಾ?" ಎಂದು ವಿನಯದಿಂದ ಕೇಳಿ. ಎಲ್ಲರ ಮುಂದೆ ಕೇಳಿದರೆ ಅದು ಸವಾಲಿನಂತೆ ಕೇಳಿಸುತ್ತದೆ, ಒಬ್ಬರೇ ಇರುವಾಗ ಕೇಳಿದರೆ ಅರ್ಧ ಗಂಟೆಯ ಪಾಠ ಸಿಗಬಹುದು.